ಮದ್ದಿನಿಂದ ಹಕ್ಕಿನವರೆಗೆ

ಮದ್ದೂರು ಎಂದೊಡನೆ ವಡೆ ನೆನಪಾದವರು ಕ್ಷಮಿಸಬೇಕು, ಇದು ಗುಂಡ್ಲುಪೇಟೆಯ ಮದ್ದೂರು. ಬಂಡೀಪುರದ ಕಾಡು ಹಾದು ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯ ಚೆಕ್‌ಪೋಸ್ಟ್ ಇಲ್ಲಿದೆ. 2009ರಿಂದ ರಾತ್ರಿ 9ಕ್ಕೆ ಗೇಟು ಬಿದ್ದರೆ ಏಳುವುದು ಬೆಳಿಗ್ಗೆ 6ಕ್ಕೆ. ಆಂಬುಲೆನ್ಸಿಗೆ ತಡೆಯಿಲ್ಲ. ಆಂಬುಲೆನ್ಸೇ ಇಲ್ಲದ ಕಾಲದಲ್ಲಿ ಈ ಜಿಲ್ಲೆಯ ಕಾಡಿನ ಜನ ಹೊತ್ತಲ್ಲದ ಹೊತ್ತಿನಲ್ಲಿ ಕಾಯಿಲೆ ಬಿದ್ದರೆ ಏನು ಗತಿ?

ಅದೇ ಚಿಂತೆ ಹೊತ್ತು 1980ರ ಆಸುಪಾಸಿನಲ್ಲಿ ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಹತ್ತಿದವರು ಡಾ. ಎಚ್. ಸುದರ್ಶನ್. ಹಳ್ಳಿಯಲ್ಲಿ ವೈದ್ಯರು ಸಿಗದೆ ತಂದೆ ತೀರಿಕೊಂಡಾಗ ಅವರಿಗೆ 12 ವರ್ಷ. ಮುಂದಿನದಕ್ಕೆಲ್ಲ ಬೇರು ಅಲ್ಲೇ ಇರಬೇಕು. 1973ರಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜಿನಿಂದ ಹೊರಬಂದವರು ನರ್ಸಿಂಗ್ ಹೋಮ್ ಕಟ್ಟಲಿಲ್ಲ.

ಬೆಟ್ಟದಲ್ಲಿ ಅವರು ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚು. ಅಲ್ಲಿನ ಬುಡಕಟ್ಟಿನವರಾದ ಸೋಲಿಗರಿಗೆ ತಮ್ಮದೇ ನಾರು-ಬೇರಿನ ವಿದ್ಯೆಯಿತ್ತು. ಕುಕ್ಕರುಗಾಲಲ್ಲಿ ಕೂತು ಹೆರುವ ಸೋಲಿಗ ಹೆಂಗಸರನ್ನು ನೋಡಿ, ಮಂಚದ ಮೇಲೆ ಅಂಗಾತ ಮಲಗಿಸುವ ಪುಸ್ತಕದ ಪಾಠವನ್ನು ಡಾಕ್ಟರು ಪಕ್ಕಕ್ಕಿಟ್ಟರು. ಜನಕ್ಕೆ ಇಲ್ಲದ್ದು ಬೇರೆಯೇ ಇತ್ತು. 1974ರಲ್ಲಿ ಕಾಡು ವನ್ಯಧಾಮವಾದ ಮೇಲೆ ಅವರ ಹಾಡಿಗಳಾದ ಪೋಡುಗಳನ್ನು ಎಬ್ಬಿಸಲಾಗಿತ್ತು, ಜಾಗ ಬದಲಿಸುತ್ತ ರಾಗಿ ಬಿತ್ತುವ ಬೇಸಾಯ ನಿಂತಿತ್ತು. ಹೊಟ್ಟೆಗಿಲ್ಲದವನಿಗೆ ಮಾತ್ರೆ ಕೊಟ್ಟು ಏನು ಮಾಡುವುದು? ಹಾಗೆ 1981ರಲ್ಲಿ ಹುಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆಸ್ಪತ್ರೆಗೇ ನಿಲ್ಲದೆ ಶಾಲೆ, ಕಸುಬಿನ ತರಬೇತಿಗಳಿಗೂ ಕೈಹಾಕಿತು.

ಬೆಟ್ಟದ ಬುಡದ ಯಳಂದೂರಿನಲ್ಲಿ ಕುಷ್ಠರೋಗ ಆಗ ಸಾವಿರಕ್ಕೆ 20 ಜನರನ್ನೂ ಮೀರಿತ್ತು. ಅದಕ್ಕಾಗಿ 1986ರಲ್ಲಿ ಸುದರ್ಶನ್ ಅವರ ಕರುಣಾ ಟ್ರಸ್ಟ್ ಬಂತು, ರೋಗ ಇಳಿಯಿತು. 1996ರಲ್ಲಿ ಸರ್ಕಾರ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ಟ್ರಸ್ಟಿನ ಕೈಗಿತ್ತಿತು. ಸರ್ಕಾರದ ಕೆಲಸವನ್ನು ಸಂಸ್ಥೆಗಳು ಹೊರುವುದು ಒಳ್ಳೆಯದಲ್ಲ ಎಂಬ ತಕರಾರು ನನಗಿದೆ, ಆದರೆ ಬಾಗಿಲು ಹಾಕಿದ ಆಸ್ಪತ್ರೆಗಿಂತ ಅದು ವಾಸಿ. ಡಾಕ್ಟರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಬಂದವು. ಅದು ಪತ್ರಿಕೆಗಳಿಗೆ ಗೊತ್ತಿರುವ ಕಥೆ.

ನನಗೆ ದೊಡ್ಡದಾಗಿ ಕಾಣುವುದು ಆಮೇಲಿನದು. 2002ರ ವನ್ಯಜೀವಿ ಕಾಯ್ದೆ ತಿದ್ದುಪಡಿಯ ಬಳಿಕ ಜೇನು, ನೆಲ್ಲಿ, ಪಾಚಿ ತಂದು ಮಾರುವುದಕ್ಕೆ ತಡೆ ಬಿತ್ತು. ಡಾಕ್ಟರ ಔಷಧಿಗೆ ಬಗ್ಗುವ ರೋಗವಲ್ಲ ಅದು. ಆ ಹೊತ್ತಿಗೆ ಓದಿದ ಸೋಲಿಗರ ಒಂದು ತಲೆಮಾರು ಎದ್ದು ನಿಂತಿತ್ತು. ಆ ಸಮುದಾಯದ ಮೊದಲ ಪಿಎಚ್.ಡಿ. ಪದವೀಧರ ಸಿ. ಮಾದೇಗೌಡ ಅವರಲ್ಲೊಬ್ಬರು. 2011ರಲ್ಲಿ, ಬಿಳಿಗಿರಿ ಹುಲಿ ಮೀಸಲು ಪ್ರದೇಶವಾದ ವರ್ಷವೇ, ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ದೇಶದ ಹುಲಿ ಮೀಸಲು ಕಾಡುಗಳಲ್ಲಿ ಅದೇ ಮೊದಲು. ಹಕ್ಕು ಕೇಳಿ ಅರ್ಜಿ ಹಾಕಿದ್ದು ಪೋಡುಗಳ ಗ್ರಾಮಸಭೆಗಳೇ.