ಮೇವಿನ ಹೊಲದಲ್ಲಿ ಮೊದಲು ಮಣ್ಣು ಮುಟ್ಟಿ ನೋಡಿ

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಪತ್ತೆಯಾದ ಹುಳು ಇಡೀ ದೇಶಕ್ಕೇ ಹೊಸದು. ಅಮೆರಿಕ ಖಂಡದ ಮೂಲದ ಈ ಫಾಲ್ ಸೈನಿಕ ಹುಳು ಅಂದು ಬಂದದ್ದು, ನಮ್ಮ ಹೊಲ ಬಿಟ್ಟು ಹೋಗಿಲ್ಲ. ಕಾಳಿಗೆಂದು ಹಾಕಿದ ಬೆಳೆ ಒಂದಿಷ್ಟು ಗರಿ ಕಳೆದುಕೊಂಡರೂ ಚೇತರಿಸಿಕೊಂಡು ತೆನೆ ಕಟ್ಟೀತು. ಮೇವಿಗೆ ಬೆಳೆದವರಿಗೆ ಗರಿಯೇ ಫಸಲು. ಹುಳು ಮೇಯ್ದಷ್ಟೂ ಹಸುವಿನ ಪಾಲು ಕಡಿಮೆ. ಔಷಧಿ ಹೊಡೆದು ಮರುದಿನವೇ ಕೊಯ್ದು ಹಾಕುವಂತಿಲ್ಲ; ವಿಷದ ಉಳಿಕೆ ಹಾಲಿಗೆ ಇಳಿಯಬಹುದು.

ಈ ಹುಳುವಿನ ಹಾವಳಿ ಹವೆಯ ಜೊತೆಗೇ ಏರಿಳಿಯುತ್ತದೆ. ಜೋರು ಮಳೆ ಬಿದ್ದರೆ ಮರಿಹುಳುಗಳು ತೊಳೆದುಹೋಗುತ್ತವೆ, ಸುಳಿಯಲ್ಲಿ ನೀರು ನಿಂತು ಸಾಯುತ್ತವೆ. ಹುಳುವಿಗೆ ರೋಗ ತರುವ ಮೆಟಾರೈಜಿಯಂ ಶಿಲೀಂಧ್ರವೂ ಕೆಲಸ ಮಾಡುವುದು ಗಾಳಿಯಲ್ಲಿ ತೇವ ಇದ್ದಾಗಲೇ. ಒಣಹವೆ ಹಿಡಿದರೆ ಇವೆರಡೂ ಇಲ್ಲ. ಬೇರಿಗೆ ನೀರಿಲ್ಲದೆ ಸೊರಗಿದ ಗಿಡ ಕಚ್ಚಿಸಿಕೊಂಡ ಮೇಲೆ ಹೊಸ ಗರಿ ಬಿಡಲಾರದು.

ಅಂಥ ಹೊತ್ತಿನಲ್ಲಿ ಇರುವಷ್ಟು ತೇವವನ್ನೂ ಕುಡಿಯುವುದು ಕಳೆ. ಬಿತ್ತಿದ ಮೊದಲ ತಿಂಗಳು ಎಡೆ ಹೊಡೆಯದೆ ಬಿಟ್ಟರೆ ಆಮೇಲೆ ಎಷ್ಟು ಗೊಬ್ಬರ ಸುರಿದರೂ ಬೆಳೆ ಮೇಲೇಳುವುದಿಲ್ಲ. ಸಾಲುಗಳ ನಡುವೆ ಅಲಸಂದೆ ಹಾಕುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಉಪಾಯ: ನೆಲ ಮುಚ್ಚುತ್ತದೆ, ತೇವ ಉಳಿಯುತ್ತದೆ, ಮೇವಿಗೆ ಪ್ರೋಟೀನೂ ಸೇರುತ್ತದೆ. ಕಾಂಗ್ರೆಸ್ ಕಳೆ ಮಾತ್ರ ಹೊರೆಯೊಳಗೆ ಸೇರದಂತೆ ಆರಿಸಲೇಬೇಕು. ತಿಂದ ಹಸುವಿನ ಹಾಲು ಕಹಿಯಾಗುತ್ತದೆ. ಕುದುರೆ ಮೆಂತ್ಯಕ್ಕೆ ಹಬ್ಬುವ ಹಳದಿ ಎಳೆಯ ಕಸ್ಕ್ಯೂಟ ಬಳ್ಳಿ ಬರುವುದು ಹೆಚ್ಚಾಗಿ ಬಿತ್ತನೆ ಬೀಜದ ಜೊತೆಗೇ. ಬೀಜ ಕೊಳ್ಳುವಾಗಲೇ ಎಚ್ಚರ ಬೇಕು.

ತೇವದ ಕೊರತೆ ಇಳುವರಿಯನ್ನಷ್ಟೇ ತಿನ್ನುವುದಿಲ್ಲ ಎಂಬುದು ಜೋಳ ಬೆಳೆಯುವ ಬಯಲುಸೀಮೆಗೆ ಚೆನ್ನಾಗಿ ಗೊತ್ತು. ಎಳೆಯ ಜೋಳದ ಎಲೆಯಲ್ಲಿ ಧುರಿನ್ ಎಂಬ ವಸ್ತು ಇರುತ್ತದೆ. ದನ ಅದನ್ನು ಅಗಿದಾಗ ಸೈನೈಡ್ ವಿಷ ಹುಟ್ಟುತ್ತದೆ. ಮಳೆ ಕೈಕೊಟ್ಟು ಗಿಡ ಗಿಡ್ಡಾದಾಗ ಧುರಿನ್ ಇನ್ನಷ್ಟು ಹೆಚ್ಚು. ಬರ ಕಳೆದು ಮಳೆ ಬಂದಾಗ ಚಿಗುರುವ ಹಸಿರು ಮರಿಗಳಲ್ಲೂ ಅದೇ ಅಪಾಯ. ಸುಳಿನೊಣ ತಿಂದು ನಡುಸುಳಿ ಒಣಗಿದ ಗಿಡ ಪಕ್ಕದಲ್ಲಿ ಒಡೆಯುವ ಮರಿಗಳನ್ನೂ ನಂಬುವಂತಿಲ್ಲ. ಹಸಿದ ದನ ಅವನ್ನೇ ಆಸೆಯಿಂದ ಮೇಯುತ್ತದೆ, ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟಿ ಬೀಳುತ್ತದೆ.

ಹೂ ಬರುವವರೆಗೆ ಹಸಿ ಜೋಳ ಕೊಯ್ಯಬೇಡಿ. ಬೆಳೆ ಬಾಡಿದ್ದರೆ ನೀರು ಕೊಟ್ಟು ಚೇತರಿಸಿಕೊಳ್ಳಲು ಬಿಡಿ, ಇಲ್ಲವೇ ಬಿಸಿಲಿಗೆ ಚೆನ್ನಾಗಿ ಒಣಗಿಸಿ ಹಾಕಿ. ಮೇಯ್ದ ದನ ಏದುಸಿರು ಬಿಟ್ಟರೆ ಮನೆಮದ್ದಿಗೆ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಸಿ. ತಕ್ಷಣ ಚುಚ್ಚುಮದ್ದು ಬಿದ್ದರೆ ಉಳಿಸಿಕೊಳ್ಳಬಹುದು.