ಮಾಕ್ ಟೆಸ್ಟಲ್ಲಿ 330 ಬಂತಾ? ಈ ಲೆಕ್ಕ ನೋಡಿ

ನೀಟ್ ಮಾಕ್ ಟೆಸ್ಟಲ್ಲಿ 720ಕ್ಕೆ 330 ಬಂತಾ? ಕೊಪ್ಪ, ಪಿರಿಯಾಪಟ್ಟಣ, ಹುಣಸೂರು, ನೀವು ಎಲ್ಲೇ ಇರಿ, ಪುಸ್ತಕ ಮುಚ್ಚೋ ಮುಂಚೆ ಒಂದು ಲೆಕ್ಕ ನೋಡಿ.

180 ಪ್ರಶ್ನೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. 100 ಸರಿ, 70 ತಪ್ಪು, 10 ಖಾಲಿ ಅಂದ್ರೆ 330. ಆ ತಪ್ಪುಗಳಲ್ಲಿ ಬರೀ 20 ಸರಿಯಾದ್ರೆ? 430! ಪ್ರತಿ ತಪ್ಪು ಸರಿಯಾದಾಗ 4 ಬರುತ್ತೆ, ಕಳೆಯೋ 1 ಉಳಿಯುತ್ತೆ.

ಹಾಗಾಗಿ ನಾಳೇನೇ ಇನ್ನೊಂದು ಟೆಸ್ಟ್ ಬರೀಬೇಡಿ. ಅದೇ ಪ್ರಶ್ನೆಪತ್ರಿಕೆ ತೆಗೆದು, ಪ್ರತಿ ತಪ್ಪಿನ ಪಕ್ಕ ಕಾರಣ ಬರೀರಿ. ಗೊತ್ತಿರಲಿಲ್ವಾ? ಗೊತ್ತಿದ್ದೂ ಎಡವಿದ್ರಾ? ಟೈಮ್ ಸಾಲ್ಲಿಲ್ವಾ?

ಗೊತ್ತಿಲ್ಲದ್ದಕ್ಕೆ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಆ ವಿಷಯ ಇರೋ ಪುಟಕ್ಕೇ ಹೋಗಿ. ಗೊತ್ತಿದ್ದೂ ಎಡವಿದ್ರೆ, ಹೇಗೆ ಅಂತ ನೋಡಿ. ‘ಯಾವ ಹೇಳಿಕೆ ತಪ್ಪು?’ ಅಂದಾಗ ಸರಿಯಾದದ್ದನ್ನೇ ಗುರುತು ಹಾಕಿದ್ರಾ? ಇನ್ಮೇಲೆ ‘ತಪ್ಪು’ ಅನ್ನೋದರ ಕೆಳಗೆ ಗೆರೆ ಎಳೀರಿ. ಟೈಮ್ ಸಾಲದವರು ಬಯಾಲಜಿಯಿಂದ ಶುರು ಮಾಡಿ ನೋಡಿ. ಅರ್ಧ ಅಂಕ, ಅಂದ್ರೆ 360, ಅಲ್ಲೇ ಇದೆ. ಇಂಗ್ಲಿಷ್ ಓದೋದಕ್ಕೇ ಹೊತ್ತಾಗುತ್ತಾ? ಅರ್ಜಿ ಹಾಕುವಾಗ ಕನ್ನಡ ಪ್ರಶ್ನೆಪತ್ರಿಕೆ ಆರಿಸಿಕೊಳ್ಳಬಹುದು.

ಒಂದು ವಾರ ಬಿಟ್ಟು ಅದೇ ತಪ್ಪುಗಳನ್ನ ಮತ್ತೆ ಬಿಡಿಸಿ. ಆಮೇಲೆ ಮುಂದಿನ ಮಾಕ್. ನೆನಪಿರಲಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಸೀಟು ಕೊಡೋದು ನೀಟ್ ರ‍್ಯಾಂಕ್ ನೋಡಿ, ಮಾಕ್ ಅಂಕ ನೋಡಿ ಅಲ್ಲ.