ನಲ್ಲಿ ಲೆಕ್ಕದಲ್ಲಿ ಸಿಕ್ಕಿತು ಮನೆಯ ಜಾತಕ!

ಮನುಷ್ಯನ ಜಾತಕ ಬರೆಯಲು ಜೋಯಿಸರಿದ್ದಾರೆ. ಮನೆಯ ಜಾತಕ ಬರೆಯುವವರು ಯಾರು? ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಆ ಕೆಲಸ ಮಾಡಿಟ್ಟವರು ನೀರಿನ ಕಂಪನಿಯ ಗುಮಾಸ್ತರು. ಅದೂ ತಮಗೇ ಗೊತ್ತಿಲ್ಲದಂತೆ!

ಆ ನಗರದ ಅಲಾಮೋ ಸ್ಕ್ವೇರ್ ಪಾರ್ಕಿನ ಎದುರು, ಸ್ಟೈನರ್ ಬೀದಿಯ ಇಳಿಜಾರಿನಲ್ಲಿ, ಅಕ್ಕತಂಗಿಯರಂತೆ ಒತ್ತಿಕೊಂಡು ನಿಂತ ಮರದ ಮನೆಗಳ ಸಾಲೊಂದಿದೆ. ಮುಂದಕ್ಕೆ ಚಾಚಿದ ಕಿಟಕಿ, ಚೂಪು ಸೂರು, ಮರದ ಕುಸುರಿ. ವಿಕ್ಟೋರಿಯಾ ರಾಣಿ ಕಾಲದ ಠೀವಿ. ಮ್ಯಾಥ್ಯೂ ಕಾವನಾ ಎಂಬಾತ 1892ರಿಂದ 1896ರೊಳಗೆ ಇವನ್ನು ಕಟ್ಟಿಸಿದ. ಪಿಕ್ಚರ್ ಪೋಸ್ಟ್‌ಕಾರ್ಡಿನಲ್ಲಿ ಲೋಕವೆಲ್ಲ ಸುತ್ತಿದ ಸಾಲು ಇದು.

ಇಂಥ ಹಳೇ ಮನೆಗಳು ಆ ಊರಲ್ಲಿ ಸಾವಿರಾರು. ಆದರೆ ಯಾವುದನ್ನು ಯಾರು, ಯಾವಾಗ ಕಟ್ಟಿಸಿದರು ಅಂತ ಹುಡುಕಹೊರಟವರಿಗೆ ಮೊದಲ ಬಾಗಿಲಲ್ಲೇ ಬೀಗ.

ಮನೆ ಉಳಿಯಿತು, ಕಾಗದ ಹೋಯ್ತು

1906ರ ಏಪ್ರಿಲ್ 18. ಬೆಳಗಿನ ಜಾವ 5 ಗಂಟೆ 12 ನಿಮಿಷ. ಭೂಕಂಪ. ಅದರ ಬೆನ್ನಿಗೇ ಬೆಂಕಿ. ಸುಮಾರು 28,000 ಕಟ್ಟಡ ನಾಶ. ಸಿಟಿ ಹಾಲ್ ಕುಸಿದು, ಕಟ್ಟಡ ಪರವಾನಗಿಯ ಕಡತಗಳು ಬೂದಿ. ಪಶ್ಚಿಮದ ಕಡೆ ಬೆಂಕಿಯನ್ನು ಬಹುಮಟ್ಟಿಗೆ ವ್ಯಾನ್ ನೆಸ್ ರಸ್ತೆಯಲ್ಲಿ ತಡೆದರು. ಅದರಾಚೆಗಿದ್ದ ಸ್ಟೈನರ್ ಬೀದಿಯ ಸಾಲು ಬಚಾವಾಯಿತು.

ಆದರೆ ಕಾಗದವಿಲ್ಲದ ಮೇಲೆ ಮಾಲೀಕ ಯಾರು? "ಇದು ನನ್ನದು" ಅಂದರೆ ಸಾಕೇ? ಅದೇ ವರ್ಷ ಮೆಕ್‌ಎನರ್ನಿ ಕಾಯಿದೆ ಬಂತು. ತಮ್ಮ ಮನೆ ತಮ್ಮದೇ ಎಂದು ಸ್ಥಾಪಿಸಲು ಜನ ಕೋರ್ಟಿನ ಮೆಟ್ಟಿಲು ಹತ್ತಿದರು.

ಮೂರು ಸಾಕ್ಷಿಗಳು

ಊರಿಗೆ ಆಗ ನೀರು ಕೊಡುತ್ತಿದ್ದುದು ಸ್ಪ್ರಿಂಗ್ ವ್ಯಾಲಿ ಎಂಬ ಖಾಸಗಿ ಕಂಪನಿ. ಅದರ ನಲ್ಲಿ ಕನೆಕ್ಷನ್ ದಾಖಲೆಗಳು ಉಳಿದುಕೊಂಡವು. ಅರ್ಜಿ ಹಾಕಿದವನ ಹೆಸರು, ತಾರೀಖು, ಎರಡೂ ಅದರಲ್ಲಿವೆ. ನೀರಿಲ್ಲದೆ ಗಾರೆ ಕಲಸಲಾಗದು, ಸಂಸಾರವೂ ನಡೆಯದು. ಹಾಗಾಗಿ ನಲ್ಲಿ ಬಂದ ದಿನದ ಆಸುಪಾಸಿನಲ್ಲೇ ಮನೆ ಎದ್ದಿರಬೇಕು ಅನ್ನೋದು ಸಂಶೋಧಕರ ಲೆಕ್ಕ.

ಒಂದೇ ಸಾಕ್ಷಿ ನಂಬುವಂತಿಲ್ಲವಲ್ಲ? ಎರಡನೆಯದು ಬೆಂಕಿ ವಿಮೆಯವರಿಗಾಗಿ ಬರೆದ ಸ್ಯಾನ್‌ಬಾರ್ನ್ ನಕ್ಷೆ. ಹಳದಿ ಬಣ್ಣವಾದರೆ ಮರದ ಮನೆ, ಗುಲಾಬಿಯಾದರೆ ಇಟ್ಟಿಗೆಯದು. ಎಷ್ಟು ಅಂತಸ್ತು ಅಂತಲೂ ಅದರಲ್ಲಿದೆ. ಮೂರನೆಯದು ನಗರದ ಹಳೇ ಡೈರೆಕ್ಟರಿ. ಹೆಸರು, ಕಸುಬು, ವಿಳಾಸ ಎಲ್ಲ ಅಲ್ಲಿ ಸಿಗುತ್ತದೆ. ಮೂರೂ ತಾಳೆಯಾದರೆ ಜಾತಕ ಸಿದ್ಧ.

ಯಾಕೆ ಇಷ್ಟು ತಾಪತ್ರಯ?

ಸುಮ್ಮನೆ ಅಲ್ಲ. 1950 ಮತ್ತು 60ರ ದಶಕಗಳಲ್ಲಿ 'ನಗರ ನವೀಕರಣ'ದ ಹೆಸರಲ್ಲಿ ಇದೇ ಭಾಗದ ವೆಸ್ಟರ್ನ್ ಅಡಿಷನ್ ಬಡಾವಣೆಯ ಮೇಲೆ ಬುಲ್ಡೋಜರ್ ಹರಿಯಿತು. ಕರಿಯರು, ಜಪಾನೀಯರ ಸಾವಿರಾರು ಸಂಸಾರ, ನೂರಾರು ಅಂಗಡಿ ಚೆಲ್ಲಾಪಿಲ್ಲಿ. ಭೂಕಂಪ ಬಿಟ್ಟದ್ದನ್ನು ಸರಕಾರಿ ನಕ್ಷೆ ಬಿಡಲಿಲ್ಲ. 1974ರಲ್ಲಿ 12 ಮನೆಗಳನ್ನು ಬುಡಸಮೇತ ಎತ್ತಿ, ಗಾಲಿ ಮೇಲೆ ಬೇರೆಡೆಗೆ ಸಾಗಿಸಿ ಉಳಿಸಿಕೊಂಡರು. ಅಲಾಮೋ ಸ್ಕ್ವೇರ್ ಪ್ರದೇಶವನ್ನು ನಗರಾಡಳಿತ ಐತಿಹಾಸಿಕ ವಲಯವೆಂದು ಸಾರಿದ್ದು 1984ರಲ್ಲಿ.

"ಹಳೇ ಮನೆ, ಕೆಡವಿ" ಅಂದವರಿಗೆ ಉತ್ತರ ಕೊಡಲು ಕಣ್ಣೀರು ಸಾಲದು, ತಾರೀಖು ಬೇಕು. ಆ ತಾರೀಖು ಸಿಕ್ಕಿದ್ದು ಯಾರೋ ಗುಮಾಸ್ತ ಬರೆದಿಟ್ಟ ನಲ್ಲಿ ಲೆಕ್ಕದಲ್ಲಿ.

ನೀರಿನ ರಸೀದಿ ಹರಿದು ಬಿಸಾಕುವ ಮುಂಚೆ ಒಂದು ಸಲ ಯೋಚಿಸಿ ಸ್ವಾಮಿ!